ಚರ್ಮದ ಕೆಳಗಿನ ಇಲಿ

ಮಾಲೀಶಿನವನಿಗೆ ಮುಖಗಳು ನೆನಪಿರುವುದಿಲ್ಲ. ಬೆನ್ನು, ಭುಜ, ಮೀನಖಂಡ, ಏನಾದರೂ ತೋರಿಸಿ, ಇಪ್ಪತ್ತು ವರ್ಷದ ಹಿಂದೆ ಮುಟ್ಟಿದ್ದಾದರೂ ಗುರುತು ಹಿಡಿಯುತ್ತಾನೆ. ಒಮ್ಮೆ ತರಕಾರಿ ಅಂಗಡಿಯ ಸಾಲಿನಲ್ಲಿ ಮುಂದೆ ನಿಂತಿದ್ದವರೊಬ್ಬರ ಹೆಗಲೆಲುಬಿನ ಪಕ್ಕಕ್ಕೆ ಹೆಬ್ಬೆರಳು ಒತ್ತಿ, “ಈ ಗಂಟು ಕರಗಿತ್ತಲ್ಲ, ಮತ್ತೆ ಯಾಕೆ ತಂದುಕೊಂಡ್ರಿ?” ಎಂದು ಗದರಿಸಿದ್ದ. ಆ ವ್ಯಕ್ತಿ ಹೌಹಾರಿ ತಿರುಗಿದರು. ಆರು ವರ್ಷದ ಹಿಂದೆ ಅವನು ಕೆಲಸ ಮಾಡುವ ಆಸ್ಪತ್ರೆಗೆ ಬಂದು ಹೋಗಿದ್ದ ಅಂಚೆ ಅಧಿಕಾರಿ ಅವರು. ಪಕ್ಕದಲ್ಲಿದ್ದ ಹೆಂಡತಿಗೆ ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು. ಅಧಿಕಾರಿ ಮಾತ್ರ ತಮ್ಮ ಸರದಿಯನ್ನೂ ಬಿಟ್ಟು, ಎಡ ಭುಜವನ್ನೂ ತೋರಿಸಿಕೊಂಡರು.

ಅವನ ಕೈ ಸುಮ್ಮನಿದ್ದದ್ದನ್ನು ಕಂಡವರಿಲ್ಲ. ಊಟಕ್ಕೆ ಕೂತರೆ ಎಡಗೈ ಮೇಜಿನ ಅಂಚನ್ನು ತೀಡುತ್ತಿರುತ್ತದೆ. ಬಸ್ಸಿನಲ್ಲಿ ನಿಂತರೆ ಹಿಡಿಕೆಯ ಕಂಬಿಗೂ ಮಾಲೀಶು ಸಿಗುತ್ತದೆ. ಮದುವೆಯಾದ ವಾರವೇ ಮನೆಯ ಹಿಟ್ಟು ನಾದುವ ಕೆಲಸ ಅವನ ಪಾಲಿಗೆ ಬಂತು. “ಇವರ ಕೈಗೆ ಏನಾದ್ರೂ ಕೊಡದೇ ಇದ್ರೆ ಗೋಡೆ ಕೆರೆದು ಸುಣ್ಣ ಉದುರಿಸ್ತಾರೆ” ಎಂದು ಹೆಂಡತಿ ಬಂದವರಿಗೆಲ್ಲ ಹೇಳುತ್ತಾಳೆ. ಎಲ್ಲರೂ ಕಾಲಿಗೆ ಚಕ್ರ ಕಟ್ಟಿಕೊಂಡರೆ ನನ್ನ ತಮ್ಮ ಬೆರಳಿಗೆ ಕಟ್ಟಿಕೊಂಡು ಹುಟ್ಟಿದ ಎನ್ನುವುದು ಅಕ್ಕನ ಮಾತು.

ಈ ಅಕ್ಕ ಅವನಿಗಿಂತ ಎಂಟು ವರ್ಷ ದೊಡ್ಡವಳು. ತಾಯಿ ಹೋದಾಗ ಅವನಿಗೆ ನಾಲ್ಕು ವರ್ಷ, ಹಾಗಾಗಿ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಅವಳು ಎಡಚಿ. ಬಲಗೈಲಿ ಬರೆಯಲಿ ಎಂದು ಅಪ್ಪ ಅವಳ ಎಡಗೈಯನ್ನು ಜಡೆಯ ಟೇಪಿನಿಂದ ಕುರ್ಚಿಗೆ ಕಟ್ಟಿಹಾಕಿದ್ದುಂಟು. ಅವಳು ಟೇಪನ್ನು ಹಲ್ಲಿನಿಂದ ಕಚ್ಚಿ ಹರಿದು, ಅದೇ ಎಡಗೈಲಿ ತನ್ನ ಹೆಸರು ಬರೆದು ಅಪ್ಪನ ಮುಂದಿಟ್ಟಳಂತೆ. ಅವತ್ತೇ ಬಲಗೈಗೆ ಅಕ್ಷರದ ಬಾಗಿಲು ಮುಚ್ಚಿತು. ವಿಮಾ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಟೈಪಿಸ್ಟ್ ಆಗಿದ್ದಾಗ ಯಂತ್ರದ ಮೇಲೆ ಎರಡು ಕೈ ಓಡಿದವು. ಕಾಗದದ ಮೇಲೆ ಮಾತ್ರ ಒಂದೇ.

ಅವಳ ಇನ್ನೊಂದು ಹುಚ್ಚು ನಿಘಂಟು. ಕಚೇರಿಯವರು ಎಸೆಯಲಿದ್ದ, ರಟ್ಟು ಕಿತ್ತುಹೋದ ದಪ್ಪ ಇಂಗ್ಲಿಷ್ ನಿಘಂಟೊಂದನ್ನು ಮನೆಗೆ ಹೊತ್ತು ತಂದಿದ್ದಳು. ಅರ್ಥ ತಿಳಿದರೆ ಅವಳಿಗೆ ಸಾಲದು. ಆ ಪದ ಯಾರ ಮನೆಯದು, ಎಲ್ಲಿಂದ ಹೊರಟಿತು, ದಾರಿಯಲ್ಲಿ ಏನೇನು ವೇಷ ಹಾಕಿತು, ಎಲ್ಲ ಬೇಕು. ಸಂಬಂಧ ನೋಡಲು ಬಂದ ಒಬ್ಬ ವರನಿಗೆ ಅವನ ಉದ್ಯೋಗದ ಇಂಗ್ಲಿಷ್ ಹೆಸರಿನ ಜಾತಕ ಬಿಚ್ಚಿಟ್ಟಳು. ಅವನು ಕಾಫಿ ಮುಗಿಸದೆ ಎದ್ದು ಹೋದ. ಅವಳು ಮದುವೆಯಾಗಲಿಲ್ಲ, ಅದಕ್ಕಾಗಿ ಕೊರಗಿದವಳೂ ಅಲ್ಲ.

ತಮ್ಮನಿಗೆ ಓದು ತಲೆಗೆ ಹತ್ತಲಿಲ್ಲ. ಹದಿನೆಂಟಕ್ಕೆ ಈಜುಕೊಳದಲ್ಲಿ ಟವೆಲ್ಲು ಕೊಡುವ ಕೆಲಸಕ್ಕೆ ಸೇರಿದ. ಒಂದು ದಿನ ಈಜುಗಾರನೊಬ್ಬನಿಗೆ ಮೀನಖಂಡ ಹಿಡಿದು ಅವನು ದಡದಲ್ಲಿ ಬಿದ್ದು ಒದ್ದಾಡುತ್ತಿದ್ದಾಗ, ಎಲ್ಲರೂ ಸುತ್ತ ನಿಂತು ಸಲಹೆ ಕೊಡುತ್ತಿದ್ದರೆ, ಇವನು ಕೂತು ಕಾಲು ಹಿಡಿದು ಎರಡು ನಿಮಿಷದಲ್ಲಿ ಬಿಡಿಸಿದ. ಅಲ್ಲಿಂದ ಟವೆಲ್ಲು ಬೇರೆಯವರ ಪಾಲಾಯಿತು. ಆಮೇಲೆ ಒಂದು ಫುಟ್‌ಬಾಲ್ ತಂಡ, ಆಮೇಲೆ ಆಸ್ಪತ್ರೆಯ ವ್ಯಾಯಾಮ ಕೋಣೆಗೆ ಸಹಾಯಕ ಬೇಕೆಂಬ ಜಾಹೀರಾತು. ಬೆರಳಲ್ಲಿ ವಿದ್ಯೆ ಇದ್ದರೆ ಅಲ್ಲಿ ಸಾಲುತ್ತಿರಲಿಲ್ಲ. ಸ್ನಾಯುಗಳ ಇಂಗ್ಲಿಷ್ ಹೆಸರನ್ನು ಮೂವರು ಡಾಕ್ಟರುಗಳ ಮುಂದೆ ಬಾಯಲ್ಲಿ ಹೇಳಬೇಕಿತ್ತು.

ಅಕ್ಕ ನಲವತ್ತು ಸಂಜೆ ಪಾಠ ಮಾಡಿದಳು. ಮೊದಲ ಸಂಜೆಯೇ ಅವನು ಕೂತಲ್ಲಿ ಕೂರದೆ, “ಹೆಸರು ಹಾಗಿರ್ಲಿ. ಈ ಮಸಲ್ ಅಂದ್ರೇನು? ಅದನ್ನು ಮೊದ್ಲು ಹೇಳು” ಎಂದ.

ಅಕ್ಕ ನಿಘಂಟು ತಿರುವಿ, ಬೆರಳಿಟ್ಟು ಓದಿ, ನಕ್ಕಳು. “ಇಲಿ ಕಣೋ.”

“ಏನು?”

“ಲ್ಯಾಟಿನ್ ಭಾಷೇಲಿ ಪುಟ್ಟ ಇಲಿ ಅಂತ. ತೋಳು ಮಡಚು. ನೋಡು, ಚರ್ಮದ ಕೆಳಗೆ ಏನೋ ಉಬ್ಬಿಕೊಂಡು ಸರಿಯುತ್ತಲ್ಲ? ಹಿಂದಿನವರು ಅದನ್ನ ನೋಡಿ, ಕಂಬಳಿ ಕೆಳಗೆ ಇಲಿ ಓಡಿದ ಹಾಗಿದೆ ಅಂದ್ಕೊಂಡ್ರು. ಅದೇ ಹೆಸರಾಯ್ತು.”

ಅವನು ತೋಳನ್ನು ಮಡಚಿದ, ಬಿಟ್ಟ, ಮಡಚಿದ. ಇಷ್ಟು ವರ್ಷ ತಾನು ಹಿಡಿದು ಹಿಸುಕಿದ್ದೆಲ್ಲ ಇಲಿಗಳನ್ನೇ ಎಂದು ಅವನಿಗೆ ಖುಷಿಯಾಗಿಬಿಟ್ಟಿತು. “ನಾವು ಕಾಲಲ್ಲಿ ಮೀನು ಇಟ್ಕೊಂಡಿಲ್ವಾ? ಮೀನಖಂಡ ಅಂತೀವಿ” ಎಂದ.

“ಹೌದು ನೋಡು. ಅವರಿಗೆ ಇಲಿ, ನಮಗೆ ಮೀನು. ಪುಣ್ಯಕ್ಕೆ ಯಾರೂ ಬೆಕ್ಕು ಇಡ್ಲಿಲ್ಲ.” ಅಕ್ಕ ಇನ್ನೊಂದು ಪುಟ ತಿರುವಿದಳು. “ಇನ್ನೂ ಇದೆ. ಸಮುದ್ರದ ಕಪ್ಪೆಚಿಪ್ಪು ಇದೆಯಲ್ಲ, ಅದರಲ್ಲೊಂದು ಜಾತಿಗೂ ಅವರು ಇದೇ ಇಲಿಯ ಹೆಸರು ಕೊಟ್ಟಿದಾರೆ. ನಾವು ಕಪ್ಪೆ ಕಂಡ ಕಡೆ ಅವರಿಗೆ ಇಲಿ ಕಂಡಿದೆ.”

ಆ ಇಲಿ ಆಮೇಲೆ ಎಲ್ಲೆಲ್ಲಿ ಓಡಿತು ಎನ್ನುವುದನ್ನೂ ಅವಳು ಹೇಳಿದಳು. ಮಾಂಸದ ಹೆಸರು ಬಲದ ಹೆಸರಾಯಿತು, ಬಲದ ಹೆಸರು ದಬ್ಬಾಳಿಕೆಯ ಹೆಸರಾಯಿತು. ಪತ್ರಿಕೆಯವರು ಮಸಲ್ ಪವರ್ ಎಂದು ಬರೆಯುತ್ತಾರೆ, ವ್ಯಾಯಾಮಶಾಲೆಯ ಹುಡುಗರು ಮಸಲ್ ಬಂದಿದೆ ಎಂದು ಕನ್ನಡಿ ಮುಂದೆ ನಿಲ್ಲುತ್ತಾರೆ, ಎದೆ ಸೆಟೆಸಿ ನಡೆಯುವ ಗೂಂಡಾನ ತೋಳಲ್ಲೂ ಇರುವುದು ಆ ಪುಟ್ಟ ಪ್ರಾಣಿಯೇ. ಪರೀಕ್ಷೆಯ ದಿನ ಡಾಕ್ಟರು ಮೊದಲ ಪ್ರಶ್ನೆ ಕೇಳುವ ಮೊದಲೇ ಅವನು ತಡೆಯಲಾರದೆ ಅಂಗಿಯ ತೋಳು ಮೇಲೇರಿಸಿ ಇಲಿಯ ಕಥೆ ಹೇಳಿಬಿಟ್ಟ. ಮೂವರೂ ನಕ್ಕರು. ಹೆಸರುಗಳಲ್ಲಿ ಏಳು ತಪ್ಪು ಹೇಳಿದರೂ ಕೆಲಸ ಸಿಕ್ಕಿತು.

ಅದಾಗಿ ಮೂವತ್ತೊಂದು ವರ್ಷ. ಆ ಕೋಣೆಯಲ್ಲಿ ಎಂಟು ಮೇಜುಗಳಿವೆ, ಗೋಡೆಗೆ ಕಂಬಿಗಳಿವೆ, ಮೂಲೆಯಲ್ಲಿ ಸವೆದ ರಬ್ಬರ್ ಚೆಂಡುಗಳ ಬುಟ್ಟಿಯಿದೆ. ಹೊಸದಾಗಿ ಕಲಿಯಲು ಬಂದವರಿಗೆ ಮೊದಲ ಪಾಠ ಅವನದೇ. “ಹೆಬ್ಬೆರಳಲ್ಲಿ ಒತ್ತಿ, ಹೆಬ್ಬೆರಳಲ್ಲಿ ಹುಡುಕಬೇಡಿ. ಅದಕ್ಕೆ ತನ್ನದೇ ನಾಡಿ ಇದೆ. ರೋಗಿಯದು ಅಂದ್ಕೊಂಡು ನಿಮ್ಮ ನಾಡೀನೇ ಎಣಿಸ್ತೀರ.” ಪ್ರತಿ ವರ್ಷ ಇದೇ ಮಾತು, ಇದೇ ಗತ್ತು.

ಕಳೆದ ವರ್ಷ ಅಕ್ಕನಿಗೆ ಪಾರ್ಶ್ವವಾಯು ಹೊಡೆಯಿತು. ಮಾತು ಉಳಿಯಿತು, ಕಾಲು ಕೆಲವೇ ವಾರದಲ್ಲಿ ಅರ್ಧಂಬರ್ಧ ಮರಳಿತು. ಎಡಗೈ ಮರಳಲಿಲ್ಲ. ಯಾರೋ ಕುರ್ಚಿಗೆ ತಗುಲಿಸಿ ಮರೆತುಹೋದ ಕೋಟಿನ ತೋಳಿನಂತೆ ಅದು ಜೋತಾಡುತ್ತಿತ್ತು. ತಮ್ಮನ ಮನೆಯಿಂದ ಅವಳು ದಿನವೂ ಅವನ ಜೊತೆ ಆಸ್ಪತ್ರೆಗೆ ಹೋಗಿ ಬರತೊಡಗಿದಳು, ಅವನ ಕೋಣೆಯ ಮೂರನೇ ಮೇಜು ಅವಳದಾಯಿತು.

ಅಲ್ಲಿ ಕೈಗೆ ಅಂಕ ಕೊಡುವ ಪದ್ಧತಿ ಇದೆ, ಸೊನ್ನೆಯಿಂದ ಐದರವರೆಗೆ. ಐದು ಅಂದರೆ ಪೂರ್ತಿ ಬಲ. ಸೊನ್ನೆ ಅಂದರೆ ಏನೂ ಇಲ್ಲ. ಒಂದು ಅಂದರೆ ಕೈ ಆಡುವುದಿಲ್ಲ, ಆದರೆ ಆಡಿಸಲು ಯತ್ನಿಸಿದಾಗ ಚರ್ಮದ ಕೆಳಗೆ ಒಂದು ಮಿಡುಕು ಸಿಗುತ್ತದೆ. ಹನ್ನೆರಡು ವಾರದೊಳಗೆ ಒಂದು ಬಂದರೆ ಮೇಜು ಉಳಿಯುತ್ತದೆ, ಬರದಿದ್ದರೆ ರೋಗಿಯನ್ನು ಮನೆಗೆ ಕಳಿಸಿ, ಕಾಯುತ್ತಿರುವವರಿಗೆ ಜಾಗ ಕೊಡುತ್ತಾರೆ. ಅಕ್ಕನ ಹಾಳೆಯಲ್ಲಿ ದಿನವೂ ಅಂಕ ಬರೆಯುವವನು ತಮ್ಮನೇ. ಹತ್ತು ವಾರ ಸೊನ್ನೆ ಬರೆದ.

ಅವನ ಚಡಪಡಿಕೆಗೆ ಲಂಗುಲಗಾಮಿಲ್ಲದಂತಾಯಿತು. ಬಸ್ಸಿನಲ್ಲಿ ಕೂತರೆ ತನ್ನ ತೋಳನ್ನೇ ಹಿಡಿದು ಮಡಚಿ ನೋಡಿಕೊಳ್ಳುತ್ತಿದ್ದ. ಊಟದ ನಡುವೆ ಎದ್ದು ಹೋಗಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತ ಅಕ್ಕನ ಅಂಗೈ ತಿಕ್ಕಿ ಬರುತ್ತಿದ್ದ. ಅಕ್ಕ ತಮಾಷೆ ಬಿಡಲಿಲ್ಲ. “ಬಂದ ನೋಡು ಇಲಿ ಹಿಡಿಯೋನು” ಎನ್ನುತ್ತಿದ್ದಳು. ಆದರೆ ಆಸ್ಪತ್ರೆಯ ದೊಡ್ಡ ವೈದ್ಯೆ ಅವಳ ಬಲಗೈಗೆ ಪೆನ್ನು ಕೊಟ್ಟಾಗ ಅದನ್ನು ಹಾಗೇ ಮೇಜಿನ ಮೇಲಿಟ್ಟಳು.

“ನಾನು ಬಾಡಿಗೆ ಕೈಲಿ ಬರೆಯೋಳಲ್ಲ. ನನ್ನ ಕೈ ಬರಲಿ” ಎಂದಳು.

ವೈದ್ಯೆ ತಮ್ಮನನ್ನು ಪಕ್ಕಕ್ಕೆ ಕರೆದು, “ಕಾಯ್ತಾ ಕೂತ್ರೆ ಇದ್ದ ಕೈಯೂ ಮಂಕಾಗುತ್ತೆ. ಬಲಗೈಗೆ ಅಭ್ಯಾಸ ಮಾಡಿಸಿ” ಎಂದರು. ಅವನು ತಲೆಯಾಡಿಸಿ ಬಂದು ಎಡಗೈಯನ್ನೇ ನೀವಿದ. ತನ್ನ ಬೆರಳು ಮುಟ್ಟಿದ್ದು ಬದುಕದೇ ಹೋದೀತೇ ಎಂಬ ಜಂಬವೂ ಅದರಲ್ಲಿತ್ತು, ಈ ಕೈಯೇ ತನಗೆ ತುತ್ತಿಟ್ಟದ್ದು ಎಂಬ ಸಂಕಟವೂ ಇತ್ತು.

ಹನ್ನೊಂದನೇ ವಾರದ ಒಂದು ಬೆಳಿಗ್ಗೆ ಅವನು ಅವಳ ತೋಳಿನ ನಡುವೆ ಹೆಬ್ಬೆರಳಿಟ್ಟು, “ಮಡಚು ಅಕ್ಕ” ಎಂದ. ಅವಳು ಹಲ್ಲು ಕಚ್ಚಿದಳು. ಹೆಬ್ಬೆರಳ ಕೆಳಗೆ ಏನೋ ಮಿಡಿಯಿತು. ಅವನು ಉಸಿರು ಹಿಡಿದ. ಮತ್ತೆ ಮಿಡಿಯಿತು, ಮತ್ತೆ. ಅವನ ಕಣ್ಣು ತುಂಬಿಕೊಂಡಿತು.

“ಬಂತಾ?” ಎಂದಳು ಅಕ್ಕ.

“ಬಂತು.”

ಅವತ್ತು ಹಾಳೆಯಲ್ಲಿ ಒಂದು ಎಂದು ಬರೆದ, ಮಗುವಿಗೆ ಹೆಸರಿಟ್ಟವನ ಹಾಗೆ ದುಂಡಗೆ. ಒಂಬತ್ತು ದಿನ ಒಂದು ಬರೆದ. ಅಕ್ಕ ನಿಘಂಟನ್ನು ಮಡಿಲಿಗೆ ತರಿಸಿಕೊಂಡಳು. ಕೈ ಬಂದಮೇಲೆ ಮೊದಲು ಯಾವ ಪದ ಬರೆಯಬೇಕೆಂದು ಹುಡುಕುವುದೇ ಅವಳಿಗೆ ಕೆಲಸವಾಯಿತು. ಎಷ್ಟೋ ವಾರದ ಮೇಲೆ ಅವಳು ಮನೆಯಲ್ಲಿ ಹಾಡು ಗುನುಗಿದ್ದನ್ನು ಕೇಳಿ ಅವನ ಹೆಂಡತಿ ಕಣ್ಣೊರೆಸಿಕೊಂಡಳು.

ಒಂಬತ್ತನೇ ಒಂದು ಬರೆದ ಮರುದಿನ ಭಾನುವಾರ, ರಜೆ. ಅವನು ಬೆಳಿಗ್ಗೆ ಹಿಟ್ಟು ನಾದಿ, ಕೈ ತೊಳೆದು, ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಕೈ ಊರಿ ಹೆಂಡತಿಯೊಂದಿಗೆ ಮಾತಾಡುತ್ತಿದ್ದ. ಹೆಬ್ಬೆರಳು ಮರವನ್ನು ಒತ್ತಿತ್ತು. ಮರ ಮಿಡಿಯಿತು.

ಅವನು ಕೈ ತೆಗೆದ. ಮತ್ತೆ ಇಟ್ಟ. ಮಿಡಿಯಿತು. ಕುರ್ಚಿಯ ಹಿಡಿಗೆ ಹೋದ, ಒತ್ತಿದ, ಮಿಡಿಯಿತು. ನೀರಿನ ಜಗ್ಗು, ಕಪಾಟಿನ ಅಂಚು, ಇಸ್ತ್ರಿಯ ಮೇಜು, ಎಲ್ಲಕ್ಕೂ ಜೀವ ಬಂದಿತ್ತು. ಆ ಮನೆಯಲ್ಲಿ ಅಂಕ ಪಡೆಯದ ಸಾಮಾನೇ ಉಳಿಯಲಿಲ್ಲ.

“ಏನ್ರೀ ಅದು, ಕುರ್ಚಿಗೂ ಪಾರ್ಶ್ವವಾಯುನಾ?” ಎಂದಳು ಹೆಂಡತಿ.

ಮೂವತ್ತೊಂದು ವರ್ಷ ಹೊಸಬರಿಗೆ ಹೇಳಿದ ಪಾಠ ಅವನ ಕಿವಿಯಲ್ಲೇ ಗುಂಯ್‌ಗುಟ್ಟಿತು. ಕಿಟಕಿಯ ಪಕ್ಕಕ್ಕೆ ಹೋಗಿ, ಈ ಸಲ ತೋರುಬೆರಳು ಮತ್ತು ನಡುಬೆರಳಿಟ್ಟು, “ಮಡಚು” ಎಂದ. ಅವಳು ಪ್ರಯತ್ನಿಸಿದಳು. ಬೆರಳ ಕೆಳಗೆ ತಣ್ಣಗಿನ, ಮೆತ್ತಗಿನ ಮಾಂಸವಿತ್ತು, ಬೇರೇನೂ ಇರಲಿಲ್ಲ. ಇನ್ನೊಮ್ಮೆ ಎಂದ. ಏನೂ ಇರಲಿಲ್ಲ.

“ಇವತ್ತು ಜೋರಾಗಿದೆಯಾ?” ಅಕ್ಕ ಕೇಳಿದಳು. ಅವಳ ಮುಖದಲ್ಲಿ ಎಂಥ ಆಸೆಯಿತ್ತೆಂದರೆ ಅವನು ಮುಖ ತಿರುಗಿಸಿಕೊಂಡ.

“ಇದೆ” ಎಂದ.

ಇದ್ದದ್ದನ್ನು ಇದ್ದಂತೆ ಹೇಳಬೇಕು. ಸೋಮವಾರ ಅವನು ತಿಳಿದೂ ತಿಳಿದೂ ಹಾಳೆಯಲ್ಲಿ ಮತ್ತೊಂದು ಒಂದು ಬರೆದ. ದಿನವಿಡೀ ಒಂದು ಕಡೆ ನಿಲ್ಲಲಿಲ್ಲ. ಚೆಂಡುಗಳನ್ನು ಬುಟ್ಟಿಯಿಂದ ತೆಗೆದು ತೊಳೆದು ಮತ್ತೆ ಬುಟ್ಟಿಗೆ ಹಾಕಿದ, ಒಬ್ಬ ಮುದುಕರ ಬಲ ಮೊಣಕಾಲಿನ ಬದಲು ಎಡದ್ದನ್ನು ನೀವಿದ. ಮೈಮೇಲೆ ಇರುವೆ ಬಿಟ್ಟಂತಾಗಿತ್ತು. ವೈದ್ಯೆ ಹದಿನೈದು ದಿನಕ್ಕೊಮ್ಮೆ ಮಾತ್ರ ಖುದ್ದಾಗಿ ಪರೀಕ್ಷಿಸುತ್ತಾರೆ, ಅಲ್ಲಿಯವರೆಗೆ ಯಾರೂ ಕೇಳುವುದಿಲ್ಲ. ಅಷ್ಟರಲ್ಲಿ ನಿಜವಾಗಿಯೂ ಬಂದುಬಿಟ್ಟರೆ? ಬಾರದಿದ್ದರೆ? ಕಾಯುವ ಬೆಂಚಿನಲ್ಲಿ ಒಬ್ಬ ಟ್ಯಾಕ್ಸಿ ಚಾಲಕ ಜೋಲುಗೈಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಮೂರನೇ ಮೇಜನ್ನೇ ನೋಡುತ್ತಿದ್ದ. ಮನೆಯಲ್ಲಿ ಅಕ್ಕನ ಬಲಗೈ ನಿಘಂಟಿನ ಮೇಲೆ ಸುಮ್ಮನೆ ಬಿದ್ದುಕೊಂಡು ಮಂಕಾಗುತ್ತಿತ್ತು. ಅದು ಮಂಕಾಗುತ್ತಿರುವುದು ತನ್ನ ಒಂದು ಅಂಕದ ಮೇಲೆ ನಂಬಿಕೆಯಿಟ್ಟು ಎಂದು ಹೊಳೆದಾಗ ಅವನಿಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ.

ಮಂಗಳವಾರ ಬೆಳಿಗ್ಗೆ, ಮೂರನೇ ಮೇಜಿನ ಪಕ್ಕ ನಿಂತು ಹೇಳಿದ. “ಅಕ್ಕ, ಅದು ನಿನ್ನದಲ್ಲ. ನನ್ನ ಹೆಬ್ಬೆರಳ ನಾಡಿ. ಒಂಬತ್ತು ದಿನ ಗೊತ್ತಾಗ್ಲಿಲ್ಲ. ನಿನ್ನೆ ಗೊತ್ತಿದ್ದೂ ಬರೆದೆ.”

ಅವಳು ಅವನನ್ನೇ ನೋಡಿದಳು. ಬಲಗೈಯಿಂದ ಎಡಗೈಯನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡು, ಸೆರಗು ಮುಚ್ಚಿ, ಗೋಡೆಯ ಕಡೆ ತಿರುಗಿದಳು. ಅವನು ಹಾಳೆಯಲ್ಲಿ ಹತ್ತು ಒಂದುಗಳಿಗೆ ಗೆರೆ ಎಳೆದು, ಪಕ್ಕದಲ್ಲಿ ಹತ್ತು ಸೊನ್ನೆ ಬರೆದು, ಪ್ರತಿಯೊಂದಕ್ಕೂ ಸಹಿ ಹಾಕಿ ವೈದ್ಯೆಯ ಮುಂದಿಟ್ಟ. ಅವರು ಕನ್ನಡಕ ತೆಗೆದು ಅವನನ್ನು ನೋಡಿ, “ನಿಮಗೆ ಇದನ್ನು ವಹಿಸಬಾರದಿತ್ತು. ತಪ್ಪು ನನ್ನದೂ ಇದೆ” ಎಂದರು. ಗುರುವಾರದಿಂದ ಅಕ್ಕ ಮನೆಯಲ್ಲೇ ಉಳಿದಳು. ಶುಕ್ರವಾರ ಆ ಮೇಜಿಗೆ ಟ್ಯಾಕ್ಸಿ ಚಾಲಕ ಬಂದ.

ಮನೆಯಲ್ಲಿ ಅಕ್ಕ ತಮ್ಮನೊಂದಿಗೆ ಮಾತು ಬಿಟ್ಟಳು. ಏನು ಬೇಕಿದ್ದರೂ ನಾದಿನಿಯ, ಅಂದರೆ ಅವನ ಹೆಂಡತಿಯ, ಮೂಲಕ. ಅವನು ಕೈ ತಿಕ್ಕಲು ಹೋದರೆ ಕಾಲು ಎಳೆಯುತ್ತ ಎದ್ದು ಒಳಗೆ ಹೋಗುತ್ತಿದ್ದಳು. ಬಾಗಿಲ ಹೊರಗೆ ನಿಂತು ಅವನು ಚೌಕಟ್ಟನ್ನು ನೀವುತ್ತಿದ್ದ. ಮೂವತ್ತೊಂದು ವರ್ಷದಲ್ಲಿ ಒಬ್ಬ ರೋಗಿಯೂ ಅವನ ಕೈಯಿಂದ ಹೀಗೆ ಓಡಿಹೋಗಿರಲಿಲ್ಲ, ಅದೂ ಇವಳು. ಅವನಿಗೆ ಅನ್ನ ಸೇರಲಿಲ್ಲ.

ಐದನೇ ದಿನ ಅವಳು ನಾದಿನಿಯನ್ನು ಕರೆದು, “ಒಂದು ಹಾಳೆ, ಒಂದು ಪೆನ್ನು ಕೊಡು. ಇವನ ಮೇಲೆ ದೂರು ಬರೀಬೇಕು” ಎಂದಳು.

“ಹೇಳಿ, ನಾನು ಬರ್ಕೊಡ್ತೀನಿ.”

“ನನ್ನ ದೂರು ನಾನೇ ಬರೀತೀನಿ. ನೀನು ಬರೆದ್ರೆ ಗಂಡನ ಪರ ಬರೀತೀಯ.”

ನಿಘಂಟನ್ನು ಹಾಳೆಯ ತುದಿಗೆ ಭಾರವಾಗಿ ಇಟ್ಟು, ಅವಳು ಬಲಗೈಲಿ ಪೆನ್ನು ಹಿಡಿದಳು. ಪೆನ್ನು ಜಾರಿತು, ಉರುಳಿತು, ನೆಲಕ್ಕೆ ಬಿತ್ತು. ನಾದಿನಿ ಎತ್ತಿಕೊಟ್ಟಳು. ಮತ್ತೆ ಬಿತ್ತು. ಬೈದುಕೊಳ್ಳುತ್ತ ಒಂದು ಸಾಲು ಮುಗಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ತಮ್ಮ ಪರದೆಯ ಆಚೆ ನಿಂತು ಕದ್ದು ನೋಡುತ್ತಿದ್ದ. ಮಣಿಕಟ್ಟು ಎಲ್ಲಿ ಸೆಟೆದಿದೆ, ಯಾವ ಬೆರಳು ಸುಮ್ಮನೆ ಜೋರು ಮಾಡುತ್ತಿದೆ, ಎಲ್ಲ ಅವನಿಗೆ ಅಲ್ಲಿಂದಲೇ ಕಾಣುತ್ತಿತ್ತು. ಒಂದು ಹೆಜ್ಜೆ ಮುಂದಿಟ್ಟ. ಹೆಂಡತಿ ಕಣ್ಣಲ್ಲೇ ಗದರಿಸಿದಳು. ಅವನು ಕೈಗಳನ್ನು ಕಂಕುಳಲ್ಲಿ ಅಡಗಿಸಿಕೊಂಡು ನಿಂತ. ದೂರು ಮುಗಿಯಲು ನಾಲ್ಕು ದಿನ ಹಿಡಿಯಿತು.

ಲಕೋಟೆಗೆ ಅಂಟು ಹಾಕಿ ಅವಳು ನಾದಿನಿಯ ಕೈಗೆ ಕೊಟ್ಟಳು. “ಅವನ ಕೈಲೇ ಕಳ್ಸು. ದೊಡ್ಡ ಡಾಕ್ಟ್ರಿಗೆ ತಲುಪಬೇಕು.”

ಹೀಗೆ ಅವನು ತನ್ನ ಮೇಲಿನ ದೂರನ್ನು ತಾನೇ ಜೇಬಿನಲ್ಲಿಟ್ಟುಕೊಂಡು ಕೆಲಸಕ್ಕೆ ಹೊರಟ. ಬಸ್ಸಿನಲ್ಲಿ ನಾಲ್ಕು ಸಲ ಮುಟ್ಟಿ ನೋಡಿಕೊಂಡ, ಬಿಚ್ಚಲಿಲ್ಲ. ವೈದ್ಯೆ ಲಕೋಟೆ ಒಡೆದು, ಹಾಳೆಯನ್ನು ಬೆಳಕಿಗೆ ಹಿಡಿದು, ತೊಡರುತ್ತ ಗಟ್ಟಿಯಾಗಿಯೇ ಓದಿದರು.

“ಮಾನ್ಯರೇ, ನಿಮ್ಮ ಮಾಲೀಶಿನವನು ನನ್ನ ತೋಳಿನಲ್ಲಿ ಇಲ್ಲದ ಇಲಿಯನ್ನು ಇದೆ ಎಂದು ಬರೆದಿದ್ದಾನೆ. ಒಂಬತ್ತು ಸಲ ಬರೆದದ್ದು ತಪ್ಪು. ಹತ್ತನೆಯ ಸಲದ್ದು ಸುಳ್ಳು. ಅವನಿಗೆ ಬುದ್ಧಿ ಹೇಳಿ. ಕೆಲಸದಿಂದ ಮಾತ್ರ ತೆಗೆಯಬೇಡಿ. ತೆಗೆದರೆ ದಿನವೆಲ್ಲ ಮನೆಯಲ್ಲಿ ನನ್ನ ತೋಳು ಹಿಡಿದು ಕೂರುತ್ತಾನೆ. ಒಂಬತ್ತು ದಿನ ಅವನ ನಾಡಿಯನ್ನು ನನ್ನದು ಎಂದುಕೊಂಡು ಸಂತೋಷವಾಗಿದ್ದೆ. ಅಷ್ಟು ಸಾಕು.”

ವೈದ್ಯೆ ಹಾಳೆಯನ್ನು ಮೇಜಿನ ಮೇಲೆ ಇಟ್ಟರು. ಅಕ್ಷರಗಳು ಒಂದು ಕಡೆ ಏರಿ ಇನ್ನೊಂದು ಕಡೆ ಜಾರಿದ್ದವು, ಕೆಲವು ಒಂದರ ಮೇಲೊಂದು ಕೂತಿದ್ದವು. “ಇದನ್ನ ಯಾರು ಬರೆದದ್ದು?” ಎಂದರು.

“ಅಕ್ಕನೇ. ಬಲಗೈಲಿ.” ವೈದ್ಯೆ ಇನ್ನೊಮ್ಮೆ ಹಾಳೆ ನೋಡಿ, ಮಡಚಿ, ಅಕ್ಕನ ಕಡತದೊಳಗೆ ಭದ್ರವಾಗಿ ಇಟ್ಟರು.

ಸಂಜೆ ಅವನು ಮನೆಗೆ ಬಂದಾಗ ಅಕ್ಕ ಕಿಟಕಿಯ ಪಕ್ಕ ಕೂತಿದ್ದಳು. ಒಂಬತ್ತು ದಿನದಲ್ಲಿ ಮೊದಲ ಸಲ ನೇರವಾಗಿ ಅವನನ್ನೇ ಕೇಳಿದಳು. “ಕೊಟ್ಟೆಯಾ?”

“ಕೊಟ್ಟೆ.”

“ಓದಿದ್ರಾ?”

“ಓದಿದ್ರು.”

“ಏನಂದ್ರು?”

ಅವನು ಚಪ್ಪಲಿ ಬಿಡುತ್ತ ಒಂದು ಗಳಿಗೆ ಯೋಚಿಸಿದ. ಅವಳ ಬಲಗೈ ನಿಘಂಟಿನ ಮೇಲಿತ್ತು, ತೋರುಬೆರಳ ತುದಿಗೆ ಶಾಯಿ ಹತ್ತಿತ್ತು.

“ಏನೂ ತಿಳೀಲಿಲ್ಲ ಅಂದ್ರು. ಅಕ್ಷರ ಕೋಳಿ ಕೆದರಿದ ಹಾಗಿದೆಯಂತೆ.”

ಅಕ್ಕನ ಮುಖ ಕೆಂಪಗಾಯಿತು. ಕುರ್ಚಿಯಲ್ಲಿ ನೆಟ್ಟಗೆ ಕೂತು, ನಿಘಂಟನ್ನು ಪಕ್ಕಕ್ಕೆ ಸರಿಸಿ, ಮೇಜಿನ ಮೇಲೆ ಜಾಗ ಮಾಡಿಕೊಂಡಳು.

“ಹಾಗಂದ್ರಾ? ಇನ್ನೊಂದು ಹಾಳೆ ತಾ” ಎಂದಳು.